ಮೂರು ಸೀಟು ಹಿಂದೆ ಕೂಡುತ್ತಿದ್ದ ಬಾಯಿಯವರು

ಬಾಯಿಯವರು ತೀರಿಕೊಂಡರೆಂದು ಹೆಂಡತಿ ಫೋನಿನಲ್ಲಿ ಹೇಳಿದಾಗ ನಾನು ದೇಹೂ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿಗೆ ಕಾಯುತ್ತ ನಿಂತಿದ್ದೆ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಕೊನೆಗಾಲಕ್ಕೆ ಬೆಳಗಾವಿಯ ತಮ್ಮನ ಮನೆ ಸೇರಿದ್ದರು. ಮೂರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ನಮಗೆ ಒಂದು ಮಾತು ತಿಳಿಸಲಿಲ್ಲ. ತಿಳಿಸಿದ್ದರೆ ನಾನು ಓಡಿ ಹೋಗುತ್ತಿದ್ದೆ, ಓಡಿ ಬಂದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ನರಳಿದ ಕೂಡಲೇ ನಾಲ್ಕು ಮಂದಿ ನೀರಿನ ಲೋಟ ಹಿಡಿದು ಓಡಿ ಬರುತ್ತಾರಲ್ಲ, ಆ ನಾಲ್ಕು ಮಂದಿಯನ್ನು ಹೊರಗೆ ಹಾಕುವುದೇ ಅವರ ಅರ್ಧ ಕೆಲಸವಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಅವರ ಹತ್ತಿರ ಚಿಕಿತ್ಸೆಗೆ ಹೋಗಿಬಂದವರು ಎಷ್ಟೋ ಜನ ಪುಣೆಯಲ್ಲಿ ಇನ್ನೂ ಇದ್ದಾರೆ, ಮನೆಯವರಿಗೂ ಹೇಳದೆ ಹೋಗಿದ್ದವರಿದ್ದಾರೆ. ನಮ್ಮ ವಿಜಾಪುರದ ಕಡೆ ಹಿರಿಯ ಹೆಂಗಸರಿಗೆ ಬಾಯಿಯವರು ಎನ್ನುತ್ತೇವೆ. ನಾನು ಹಾಗೇ ಕರೆಯುತ್ತಿದ್ದೆ, ಅವರು ಬೇಡ ಎನ್ನಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ದೇಹೂ ರೋಡಿನಲ್ಲಿ ಸೈನ್ಯದ ಒಂದು ಕಚೇರಿಯಲ್ಲಿ ಗುಮಾಸ್ತ, ಮನೆ ಕೋಥರೂಡಿನಲ್ಲಿ ಎರಡನೇ ಮಹಡಿ. ಒಂದು ದಿನ ಬೆಳಗಿನ ಲೋಕಲ್‌ನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದು, ಕೈ ಜುಮುಗುಡುತ್ತದೆ, ಕಣ್ಣ ಮುಂದೆ ಜನ ಇದ್ದಾರೆ ಆದರೆ ದೂರದಲ್ಲಿದ್ದಾರೆ. ಸತ್ತೆ ಎಂದುಕೊಂಡೆ. ಇಲ್ಲಿ ಅಲಂಕಾರ ಏನೂ ಇಲ್ಲ. ಮುಂದಿನ ಸ್ಟೇಷನ್ ಬರುವುದರೊಳಗೆ ಸಾಯುತ್ತೇನೆ ಎಂದು ಖಾತ್ರಿಯಾಗಿತ್ತು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಚೊಕ್ಕಟವಾಗಿತ್ತು. ಎಂಟು ದಿನಕ್ಕೆ ಮತ್ತೊಮ್ಮೆ, ಮತ್ತೊಂದು ಇಸಿಜಿ. ಅದೂ ಚೊಕ್ಕಟ. ಮೂರನೆಯ ಸಲ ಡಾಕ್ಟರು ನಕ್ಕು, ‘ಟೆನ್ಶನ್ ತಗೋಬೇಡಿ’ ಎಂದರು. ನಾನೇನು ಅಂಗಡಿಗೆ ಹೋಗಿ ಟೆನ್ಶನ್ ತಗೊಂಡು ಬಂದಿದ್ದೆನೆ? ಅವರ ಮುಖಕ್ಕೆ ಹಾಗೇ ಅಂದೆ. ಹೆಂಡತಿ ಶಕುಂತಲಾ ನನ್ನ ಅಂಗಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಆಮೇಲೆ ಲೋಕಲ್ ಬಿಟ್ಟೆ. ಬಸ್ಸು ಬಿಟ್ಟೆ. ಕಾಯಿಪಲ್ಲೆ ಮಂಡಿ ಬಿಟ್ಟೆ, ಕಟಿಂಗ್ ಅಂಗಡಿ ಬಿಟ್ಟೆ, ಒಂದು ತಿಂಗಳಲ್ಲಿ ನಮ್ಮ ಮೆಟ್ಟಿಲು ಇಳಿಯುವುದನ್ನೂ ಬಿಟ್ಟೆ. ರಜೆಯ ಮೇಲೆ ರಜೆ. ಮನೆಯಲ್ಲಿ ಕೂತರೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ, ಅದು ಮನೆಗೂ ಬಂತು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ನಾಡಿ ಎಣಿಸುವುದನ್ನು ನನ್ನ ಮಗಳು ಅಶ್ವಿನಿ ನೋಡಿಕೊಂಡಿದ್ದಳು. ಒಂಬತ್ತು ವರ್ಷದ ಹುಡುಗಿ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ನನ್ನ ಮಣಿಕಟ್ಟು ಹಿಡಿದು ಎಣಿಸುವಳು. ‘ತೊಂಬತ್ತಾರು ಅದ ಅಪ್ಪಾ, ಮಕ್ಕೋ’ ಎನ್ನುವಳು. ನನಗೆ ಅದು ಹಿತವಾಗಿತ್ತು. ನಾಚಿಕೆಗೇಡು, ಆದರೆ ಹಿತವಾಗಿತ್ತು. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಹೊರಗೆ ಕೂತಿರುತ್ತಿದ್ದಳು.

ಸ್ವಲ್ಪ ದಿನಕ್ಕೆ ಅವಳಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ನೋಯಲು ಶುರುವಾಯಿತು. ಶಾಲೆಯ ರಿಕ್ಷಾ ಹಾರ್ನ್ ಹೊಡೆದರೆ ವಾಂತಿ. ವಾರಕ್ಕೆ ಎರಡು ದಿನ ತಪ್ಪಿದ್ದು ನಾಲ್ಕಾಯಿತು, ಕೊನೆಗೆ ಪೂರಾ ನಿಂತೇ ಹೋಯಿತು. ಒಂದು ದಿನ ಶಾಲೆಯಿಂದ ಚೀಟಿ ಬಂತು: ಹೀಗೇ ಮುಂದುವರಿದರೆ ಪರೀಕ್ಷೆಗೆ ಕೂಡಿಸುವುದು ಕಷ್ಟ, ವರ್ಷ ಹೋಗುತ್ತದೆ. ಶಕುಂತಲಾ ಆ ಚೀಟಿಯನ್ನು ನನ್ನ ತೊಡೆಯ ಮೇಲೆ ಇಟ್ಟು, ‘ನಿಮಗೇನರ ಆದ್ರ ಆಗಲಿ, ನನ್ನ ಮಗಳಿಗೆ ಆಗಬಾರದು’ ಎಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಗಟ್ಟಿ ಮಾತು ಆಡಿರಲಿಲ್ಲ. ಬಾಯಿಯವರ ವಿಷಯ ಅವಳಿಗೆ ಯಾರೋ ಹೇಳಿದ್ದರು, ಅವತ್ತೇ ಹೋಗಿ ಕೇಳಿಬಂದಳು.

‘ನಾ ಮನಿಗೆ ಬರೂದಿಲ್ಲ. ಅವರ ಬರಲಿ. ಐದು ನಿಮಿಷದ ಹಾದಿ ಅದ’ ಎಂದು ಹೇಳಿ ಕಳಿಸಿದ್ದರು.

ಆ ಐದು ನಿಮಿಷದ ಹಾದಿಗೆ ನನಗೆ ಮುಕ್ಕಾಲು ತಾಸು ಹಿಡಿಯಿತು. ಒಂದು ಕೈ ಹೆಂಡತಿ, ಒಂದು ಕೈ ಮಗಳು. ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ, ಗಿರಣಿ ಶುರುವಾದರೆ ನೆಲ ನಡುಗುತ್ತಿತ್ತು. ಐವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಅದರ ಕೆಳಗೆ ಓಡುವವರ ಕ್ಯಾನ್ವಾಸ್ ಬೂಟು. ಮೂಗಿನ ಮೇಲಿನ ಕನ್ನಡಕವನ್ನು ಮಡಚಿದ ಬೆರಳಿನ ಗೆಣ್ಣಿನಿಂದ ಮೇಲೆ ಸರಿಸುತ್ತಿದ್ದರು. ಬಹಳ ವರ್ಷ ಮನೋರೋಗದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವರು. ಗುಳಿಗೆ ಬರೆದುಕೊಡಲು ಒಬ್ಬ ಡಾಕ್ಟರಿದ್ದರು, ಇವರದು ಮಾತು ಮತ್ತು ಓಡಾಟ.

ನನ್ನನ್ನು ಬಿಟ್ಟು ಮಗಳನ್ನು ನೋಡಿದರು. ‘ಇವತ್ತ ಸಾಲಿ ಇಲ್ಲೇನವ್ವಾ?’

‘ಅಪ್ಪಗ ಎದಿ ಬಡಕೋತದ್ರಿ. ನಾ ಎಣಸಬೇಕ್ರಿ’ ಎಂದಳು ಅಶ್ವಿನಿ.

‘ಏನ ಎಣಸ್ತಿ?’

‘ನಾಡೀರಿ.’

ಬಾಯಿಯವರು ಕನ್ನಡಕ ಸರಿಸಿದರು. ಗಿರಣಿ ನೋಡಿಕೊಂಡು ಬನ್ನಿ ಎಂದು ತಾಯಿ ಮಗಳನ್ನು ಕೆಳಗೆ ಕಳಿಸಿ, ಬಾಗಿಲು ಮುಂದೆ ಮಾಡಿ ನನ್ನ ಎದುರು ಕೂತರು.

‘ನಿಮಗ ಔಷಧ ಅದ ರೀ. ಆ ಕೂಸಿಗೆ ಯಾರ ಕೊಡ್ತಾರ?’

ನಾನು ನನ್ನ ಇಸಿಜಿಗಳ ಕಟ್ಟು ಬಿಚ್ಚಲು ಹೋದೆ. ಅವರು ಅದನ್ನು ಪೂರ್ತಿ ಓದಿದರು, ಒಂದೂ ಬಿಡದೆ. ‘ಎದಿ ಒಮ್ಮೆ ಸರಿಯಾಗಿ ತೋರಿಸಬೇಕಿತ್ತು, ತೋರಿಸೀರಿ. ಮುಗೀತು. ಇನ್ನ ಮ್ಯಾಲೆ ಇದನ್ನ ತರಬ್ಯಾಡ್ರಿ’ ಎಂದು ಕಟ್ಟಿ ವಾಪಸು ಕೊಟ್ಟರು. ‘ಇದಕ್ಕ ಪ್ಯಾನಿಕ್ ಅಂತಾರ. ಬಾಗಲಾಗ ಯಾರೂ ಇಲ್ಲದನ ನಾಯಿ ಬೊಗಳ್ತದಲ್ಲ, ಹಂಗ. ಬೊಗಳಿದಾಗೊಮ್ಮೆ ನೀವು ಅಟ್ಟ ಹತ್ತಿ ಕುಂತ್ರ ನಾಯಿಗೆ ಏನ ತಿಳೀತದ? ಕಳ್ಳ ಖರೇನ ಬಂದಾನ ಅಂತ ತಿಳೀತದ.’

‘ಮತ್ತೇನು ಮಾಡಬೇಕ್ರಿ?’

‘ಬೊಗಳೂದು ಕೇಳ್ಕೋತ ಕೂಡಬೇಕು. ದಣೀತದ.’

ಹೇಳುವುದು ಸುಲಭ. ಅವರು ಮಾಡಿಸುತ್ತಿದ್ದುದನ್ನು ನೋಡಿದ್ದರೆ ಹುಚ್ಚು ಯಾರಿಗೆ ಎಂದು ನೀವು ಕೇಳುತ್ತಿದ್ದಿರಿ. ನಿಂತಲ್ಲೇ ಓಡಿಸುವರು. ತಿರುಗುವ ಕುರ್ಚಿಯಲ್ಲಿ ಕೂಡಿಸಿ ಗರಗರ ತಿರುಗಿಸುವರು. ಎಳನೀರಿನ ಕೊಳವೆ ಕೊಟ್ಟು ಮೂಗು ಮುಚ್ಚಿ ಅದರಲ್ಲೇ ಉಸಿರಾಡು ಎನ್ನುವರು. ಎದೆ ಹೊಡೆದುಕೊಳ್ಳಬೇಕು, ತಲೆ ತಿರುಗಬೇಕು. ಯಾವುದಕ್ಕೆ ನಾನು ಅಂಜಿ ಮನೆ ಹಿಡಿದಿದ್ದೆನೋ ಅದನ್ನೇ ಕೈಯಾರೆ ತರಿಸುವರು. ನಾನು ಬೆವತು ನೆಲಕ್ಕೆ ಕೂತರೆ ಶೇಂಗಾ ಸುಲಿಯುತ್ತ ಎದುರು ಕೂತಿರುವರು. ಒಂದು ದಿನ ಕೊಳವೆ ಎಸೆದು ‘ನೀವು ಮನುಷ್ಯಾರೇನ್ರಿ?’ ಎಂದು ಕೂಗಿದೆ. ಅವರು ಕೊಳವೆ ಎತ್ತಿ ಒರೆಸಿ, ‘ಕೂಗಾಕ ಉಸಿರು ಸಾಕಷ್ಟು ಅದಲ್ಲ’ ಎಂದರು.

ಗುಳಿಗೆಯ ವಿಷಯದಲ್ಲಿ ಮಾತ್ರ ತಮಾಷೆ ಇರಲಿಲ್ಲ. ನಾಲ್ಕು ದಿನ ಹಗುರವೆನಿಸಿತೆಂದು ನಾನು ನನ್ನ ಪಾಡಿಗೆ ಬಿಟ್ಟುಬಿಟ್ಟಿದ್ದೆ. ‘ಡಾಕ್ಟರ್ ಕೊಟ್ಟಿದ್ದು, ಡಾಕ್ಟರ್ ಬಿಡಸಬೇಕು. ನೀವು ಯಾರು?’ ಎಂದು ಬೈದು, ಅವತ್ತು ಬೇರೆ ಯಾವ ಮಾತೂ ಆಡದೆ ಡಾಕ್ಟರ ಹತ್ತಿರ ಕಳಿಸಿದರು.

ಹೇಗಿದ್ದೀರಿ ಎಂದು ಅವರು ಯಾರನ್ನೂ ಕೇಳಿದ್ದಿಲ್ಲ. ‘ಈ ವಾರ ಎಲ್ಲೆಲ್ಲಿ ಹೋಗಿದ್ರಿ?’ ಅಷ್ಟೇ. ಹಾಲಿನ ಕೇಂದ್ರದವರೆಗೆ ಎಂದರೆ ಬರೆದುಕೊಳ್ಳುವರು. ಎಲ್ಲಿಯೂ ಇಲ್ಲ ಎಂದರೆ ಅದನ್ನೂ ಬರೆದುಕೊಳ್ಳುವರು. ಶಾಭಾಸ್ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಬಸ್ಸು ಹತ್ತಿಸಿದ ದಿನ ನನ್ನನ್ನು ಮುಂದೆ ಕೂಡಿಸಿ ಅವರು ಮೂರು ಸೀಟು ಹಿಂದೆ ಕೂತರು. ಡೆಕ್ಕನ್ ಬರುವುದರೊಳಗೆ ಶುರುವಾಯಿತು. ತಿರುಗಿ ‘ಬಾಯಾರ, ಇಳೀತೀನ್ರಿ’ ಎಂದೆ. ಅವರು ಕಿಟಕಿ ನೋಡುತ್ತಿದ್ದರು. ಮತ್ತೆ ಕರೆದೆ. ಕಂಡಕ್ಟರು, ‘ಇವರು ನಿಮ್ಮ ಜೊತೆಯವರಾ?’ ಎಂದು ಮರಾಠಿಯಲ್ಲಿ ಅವರನ್ನು ಕೇಳಿದ. ‘ನಾಹೀ ಬುವಾ, ಮೀ ಓಳಖತ್ ನಾಹೀ,’ ನನಗೆ ಇವರ ಗುರುತಿಲ್ಲ ಎಂದುಬಿಟ್ಟರು. ನನಗೆ ಬಂದ ಸಿಟ್ಟಿಗೆ ಬಸ್ಸಿನ ಸಲಾಕಿ ಕಿತ್ತುಬರಬೇಕಿತ್ತು. ಆ ಸಿಟ್ಟಿನಲ್ಲೇ ಸ್ವಾರಗೇಟ್ ಬಂತು. ಇಳಿದ ಮೇಲೆ ಜಗಳಕ್ಕೆ ನಿಂತೆ. ‘ನಾ ಗುರುತು ಅಂದಿದ್ರ ನೀವು ನನ್ನ ಕೈ ಹಿಡಕೊಂಡು ಬರ್ತಿದ್ರಿ. ಮಗಳ ಕೈ ಬಿಟ್ಟು ನನ್ನ ಕೈ’ ಎಂದರು.

ಅವರ ಜೋರು ಎಲ್ಲರಿಗೂ ಒಗ್ಗಲಿಲ್ಲ, ಇದನ್ನೂ ಬರೆಯಬೇಕು. ನನ್ನ ನಂತರದ ಹೊತ್ತಿಗೆ ಬರುತ್ತಿದ್ದ ಒಬ್ಬ ಮಾಸ್ತರರು ಬೈಸಿಕೊಂಡು ಹೋದವರು ತಿರುಗಿ ಬರಲಿಲ್ಲ. ಮುಂದಿನ ವಾರ ಅವರ ಹೊತ್ತಿನಲ್ಲಿ ಬಾಯಿಯವರು ಬೇರೆ ಯಾರನ್ನೂ ಕರೆಯದೆ ಖಾಲಿ ಕುರ್ಚಿಯ ಎದುರು ಒಬ್ಬರೇ ಕೂತಿದ್ದರು. ‘ಬೈಯೂದಕ್ಕ ಎರಡು ದಿನ ತಡೀಬೇಕಿತ್ತು ನಾನು’ ಎಂದರು, ನನಗೆ ಹೇಳಿದ್ದಲ್ಲ.

ಈಗ ಜೇಜುರಿಯ ಮಾತು, ಪುಣೆಯ ಹತ್ತಿರ ಗುಡ್ಡದ ಮೇಲಿರುವ ಖಂಡೋಬನ ಗುಡಿ. ಇದನ್ನು ನಾನು ಎಷ್ಟೋ ಮಂದಿಯ ಮುಂದೆ ಪವಾಡದ ಹಾಗೆ ಹೇಳಿಕೊಂಡು ತಿರುಗಿದ್ದೇನೆ. ಬೇಡವೆಂದು ಅವರು ತಾಕೀತು ಮಾಡಿದ್ದರೂ ಹೇಳಿದ್ದೇನೆ. ಇದ್ದದ್ದು ಇದ್ದ ಹಾಗೆ ಒಮ್ಮೆಯಾದರೂ ಹೇಳಬೇಕು.

ನನ್ನ ರೋಗ ಶುರುವಾದಾಗಲೇ ಶಕುಂತಲಾ ಖಂಡೋಬನಿಗೆ ಹರಕೆ ಹೊತ್ತಿದ್ದಳು. ನಮಗೆ ಅವನು ಮೈಲಾರಲಿಂಗ, ಮನೆದೇವರು. ಇವರಿಗೆ ಪೂರ್ತಿ ಗುಣವಾದ ಮೇಲೆ ಜೇಜುರಿಯ ಮೆಟ್ಟಿಲು ಹತ್ತಿಸಿ ಭಂಡಾರದ ಅರಿಶಿನ ಹಾರಿಸುತ್ತೇನೆ ಎಂದು. ನನಗೆ ಅದು ಒಳ್ಳೆಯ ಆಸರೆಯಾಯಿತು. ಬಾಯಿಯವರು ಎಲ್ಲಿಗೆ ಹೋಗೋಣ ಎಂದರೂ, ಹರಕೆ ತೀರುವ ತನಕ ದೂರದ ಹಾದಿ ಬೇಡವಂತೆ ಎನ್ನುತ್ತಿದ್ದೆ. ದೇವರು ಹಾಗೆ ಹೇಳಿರಲಿಲ್ಲ. ಹೆಂಡತಿಯೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೇ ಗುಣವಾಗುವ ತನಕ ಹತ್ತಬಾರದು. ಹತ್ತುವ ತನಕ ಗುಣವಾಗುವುದಿಲ್ಲ. ಇಷ್ಟು ಚಂದದ ಗಂಟು ನಾನೇ ಹಾಕಿಕೊಂಡಿದ್ದೆ.

ಶಾಲೆಯಿಂದ ಎರಡನೇ ಚೀಟಿ ಬಂದ ವಾರ ಬಾಯಿಯವರು ಶಕುಂತಲಾಳನ್ನು ಕರೆಸಿದರು. ಬರುವ ಸೋಮವಾರದಿಂದ ಅಶ್ವಿನಿ ಬರದಿದ್ದರೆ ಹೆಸರು ಉಳಿಯುವುದಿಲ್ಲ ಎಂದಿತ್ತು ಚೀಟಿಯಲ್ಲಿ.

‘ಗುಣ ಆಗೂದಕಿಂತ ಮೊದಲ ಒಮ್ಮೆ ಹೋಗಿ ಬಂದ್ರ ಮೈಲಾರಲಿಂಗ ಸಿಟ್ಟಾಗ್ತಾನೇನ್ರಿ?’ ಎಂದು ಕೇಳಿದರು.

ಶಕುಂತಲಾ ಯೋಚಿಸಿದಳು. ‘ಹರಕಿ ತೀರಸಾಕ ಮತ್ತೊಮ್ಮೆ ಹೋಗೂಣಂತ್ರಿ. ಈ ಸಲ ಬರೇ ಕಾಣಾಕ ಹೋದ್ರಾತು’ ಎಂದಳು. ನನ್ನ ಗಂಟನ್ನು ಇಬ್ಬರೂ ಕೂಡಿ ಎರಡು ಮಾತಿನಲ್ಲಿ ಬಿಚ್ಚಿದರು.

ಭಾನುವಾರ ಹೋದೆವು. ಗುಂಪಿನ ದಿನವೇ ಬೇಕು ಎಂದಿದ್ದರು. ಕರಾರು ಹೀಗಿತ್ತು: ಶಕುಂತಲಾ ಕೆಳಗೆ ಚಪ್ಪಲಿಯ ಹತ್ತಿರ ಕೂಡಬೇಕು, ಬಾಯಿಯವರು ಮತ್ತು ಅಶ್ವಿನಿ ಮುಂದೆ, ನಾನು ಹಿಂದೆ ಒಬ್ಬನೇ. ಯಾರೂ ನಾಡಿ ಎಣಿಸಬಾರದು. ಅರ್ಧಕ್ಕೆ ಬರುವಷ್ಟರಲ್ಲಿ ಬಂತು. ಇದುವರೆಗೆ ಬಂದಿದ್ದವುಗಳಿಗೆಲ್ಲ ಅಪ್ಪನಂಥದು. ಹಿಂದೆ ಜನ, ಮುಂದೆ ಜನ, ಇಳಿಯಲು ದಾರಿಯಿಲ್ಲ. ದೀಪಮಾಲೆಯ ಕಂಬವೊಂದರ ಬುಡದಲ್ಲಿ ಕುಸಿದೆ. ಮೇಲಿನಿಂದ ಅಶ್ವಿನಿ ಓಡಿ ಬಂದು ಮಣಿಕಟ್ಟು ಹಿಡಿದಳು. ಅವಳಿಗೆ ಎಣಿಸಲು ಆಗಲಿಲ್ಲ, ಮತ್ತೆ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು.

ಬಾಯಿಯವರು ಬಂದು ಅವಳ ಬೆರಳು ಬಿಡಿಸಿದರು. ‘ನೀ ಮ್ಯಾಲೆ ಹೋಗು. ಆ ಕಮಾನಿನ ಕೆಳಗ ನಿಂದ್ರು. ನಿಮ್ಮಪ್ಪ ಬರ್ತಾನ.’

‘ಅಪ್ಪ ಸಾಯ್ತಾನ್ರಿ’ ಎಂದಳು.

‘ಸಾಯೂದಿಲ್ಲ. ಹೋಗು.’

ಹುಡುಗಿ ಹಿಂದೆ ನೋಡುತ್ತ ನೋಡುತ್ತ ಹೋದಳು. ಬಾಯಿಯವರು ನನ್ನಿಂದ ಮೂರು ಮೆಟ್ಟಿಲು ಆಚೆ ಕೂತರು. ನಾನು ಕಣ್ಣು ಮುಚ್ಚಿದೆ. ಎಷ್ಟು ಹೊತ್ತೋ ತಿಳಿಯದು. ಅಷ್ಟರಲ್ಲಿ ಒಂದು ದೊಡ್ಡ ಗುಂಪು ‘ಯೇಳಕೋಟ ಯೇಳಕೋಟ’ ಎಂದು ಕೂಗುತ್ತ, ಭಂಡಾರ ಎರಚುತ್ತ ನಮ್ಮನ್ನು ಉಜ್ಜಿಕೊಂಡೇ ಮೇಲೆ ಹೋಯಿತು. ಅರಿಶಿನ ಬಾಯಿಗೆ ಹೋಗಿ ಕೆಮ್ಮಿದೆ. ಎದೆ ಇಳಿಯುತ್ತ ಬಂತು. ಎದ್ದೆವು. ಕಮಾನಿನ ಕೆಳಗೆ ಬಂದೆವು.

ಅಶ್ವಿನಿ ಅಲ್ಲಿರಲಿಲ್ಲ.

‘ಇಲ್ಲೇ ನಿಂದ್ರು ಅಂದಿದ್ದೆ’ ಎಂದರು ಬಾಯಿಯವರು. ಅವರ ಮುಖದ ಮೇಲಿನ ಅರಿಶಿನದ ಕೆಳಗೆ ಬಣ್ಣ ಹೋಗಿತ್ತು.

ನಾನು ಓಡಿದೆ. ಅವರೂ ಓಡಿದರು. ಎದುರಿಗೆ ಸಿಕ್ಕವರನ್ನೆಲ್ಲ ಮರಾಠಿಯಲ್ಲಿ ಕೇಳುತ್ತಿದ್ದರು, ನೀಲಿ ಫ್ರಾಕಿನ ಹುಡುಗಿ, ಒಂಬತ್ತು ವರ್ಷ, ಎರಡು ಜಡೆ. ಮೂರನೆಯವನ ಹತ್ತಿರ ಹೋಗುವಷ್ಟರಲ್ಲಿ ಅವರ ದನಿ ಒಡೆದು ಮಾತು ತೊದಲುತ್ತಿತ್ತು. ನಾನು ಅವರಿಗೆ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯಲಾರೆ. ನಿಮ್ಮ ಔಷಧಕ್ಕೆ ಬೆಂಕಿ ಬೀಳಲಿ ಎಂದದ್ದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನದು. ಅವರು ಓಡುತ್ತಲೇ ಇದ್ದರು. ಉಳಿದ ಮೆಟ್ಟಿಲುಗಳನ್ನು ನಾನು ಹೇಗೆ ಹತ್ತಿದೆನೋ ಇವತ್ತಿಗೂ ನೆನಪಿಲ್ಲ.

ಮೇಲೆ ಗುಡಿಯ ಅಂಗಳದಲ್ಲಿ, ಕೋಟೆಗೋಡೆಯ ನೆರಳಿಗೆ ಒಂದಷ್ಟು ಹೆಂಗಸರು ಗಂಟು ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು. ನಡುವೆ ಅಶ್ವಿನಿ. ತೊಡೆಯ ಮೇಲೆ ಯಾರದೋ ಕೂಸು, ಬಾಯಿತುಂಬ ಸಜ್ಜೆ ರೊಟ್ಟಿ. ಯಾದಗಿರಿ ಕಡೆಯವರು, ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು.

‘ಅಪ್ಪಾ ಅಪ್ಪಾ ಅಂತ ನಮ್ಮ ಮಾತಿನ್ಯಾಗ ಅಳಾಕತ್ತಿತ್ರಿ ಕೂಸು’ ಎಂದಳು ಅವರಲ್ಲಿ ಹಿರಿಯಳು. ‘ಹತ್ತಿದವರೆಲ್ಲಾ ಗುಡಿಗೇ ಬರಬೇಕಲ್ರಿ, ಅದಕ್ಕ ಕರಕೊಂಡ ಬಂದ್ವಿ. ತೆಳಗ ನಿಂತ್ರ ಮಂದಿ ತುಳಿತಿದ್ರು.’

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಹತ್ತಿದವರೆಲ್ಲ ಗುಡಿಗೇ ಬರಬೇಕು. ನನ್ನ ಮಗಳು ನನ್ನನ್ನು ನೋಡಿ, ‘ಅಪ್ಪಾ, ಇದಕ್ಕ ಎರಡ ಹಲ್ಲ ಬಂದಾವ ನೋಡು’ ಎಂದು ಕೂಸಿನ ತುಟಿ ಸರಿಸಿ ತೋರಿಸಿದಳು. ನಾನು ಅಲ್ಲೇ ಕೂತು ಅತ್ತೆ.

ಬಾಯಿಯವರು ಸ್ವಲ್ಪ ದೂರ ಕಲ್ಲಿನ ಮೇಲೆ ಕೂತಿದ್ದರು. ಮೊಣಕಾಲು ನಡುಗುತ್ತಿದ್ದುದು ಸೀರೆಯ ಮೇಲಿಂದಲೂ ಕಾಣುತ್ತಿತ್ತು. ಯಾದಗಿರಿಯಾಕೆ ಕೊಟ್ಟ ನೀರನ್ನು ಕುಡಿದು, ಅಶ್ವಿನಿಯನ್ನು ಕರೆದು, ಎರಡೂ ಕೈ ಹಿಡಿದುಕೊಂಡು ಹೇಳಿದರು: ‘ನಿನ್ನ ಒಬ್ಬಾಕಿನ್ನ ಕಳಿಸಬಾರದಿತ್ತವ್ವಾ. ನಂದು ತಪ್ಪಾತು.’

ನಮ್ಮ ಮನೆಗಳಲ್ಲಿ ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವುದಿಲ್ಲ. ನಾನಂತೂ ಅಂದಿರಲಿಲ್ಲ. ಅಶ್ವಿನಿ ಅವರ ಮುಖವನ್ನೇ ನೋಡುತ್ತಿದ್ದಳು.

‘ನೀವೂ ಅಂಜಿದ್ರೇನ್ರಿ?’

‘ಭಾಳ ಅಂಜಿದೆ.’

‘ಎದಿ ಬಡಕೊಂತೇನ್ರಿ?’

‘ಇನ್ನೂ ಬಡಕೊಳ್ಳಾಕತ್ತದ.’

‘ಎಣಸಲೇನ್ರಿ?’

‘ಬ್ಯಾಡವ್ವಾ. ಹಂಗ ಕೂಡೂಣು. ತನಗ ತಾನ ತಣ್ಣಗಾಗ್ತದ.’

ಇಬ್ಬರೂ ಆ ಕಲ್ಲಿನ ಮೇಲೆ ಹಾಗೇ ಕೂತರು. ಅಶ್ವಿನಿ ಅವರ ಮೊಣಕಾಲುಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬಾಯಿಯವರು ಎದ್ದು ಸೀರೆ ಕೊಡವಿಕೊಂಡರು.

ಇಳಿಯುವಾಗ ನನಗೆ ಹೇಳಿದರು: ‘ಇದು ಔಷಧ ಅಲ್ರಿ, ನನ್ನ ತಪ್ಪು. ಮಂದಿ ಮುಂದ ಬ್ಯಾರೆ ಥರ ಹೇಳಬ್ಯಾಡ್ರಿ. ನಾಳೆ ಯಾರರ ಇದನ್ನ ಕೇಳಿ ಮಾಡಾಕ ಹೋದಾರು.’ ಬೈದದ್ದಕ್ಕೆ ಕ್ಷಮೆ ಕೇಳಲು ಹೋದೆ. ‘ಬೈದದ್ದು ಸರಿ ಅದ’ ಎಂದರು. ಮುಂದಿನ ಬುಧವಾರ ಅದೇ ಕೊಳವೆ, ಅದೇ ಕುರ್ಚಿ. ನಾನು ಒಬ್ಬನೇ ಲೋಕಲ್ ಹತ್ತಿ ದೇಹೂ ರೋಡಿನಲ್ಲಿ ಇಳಿಯಲು ಇನ್ನೂ ಒಂದು ವರ್ಷ ಬೇಕಾಯಿತು, ಗುಳಿಗೆ ಪೂರ್ತಿ ನಿಲ್ಲಲು ಅದಕ್ಕೂ ಹೆಚ್ಚು. ಹರಕೆ ಆಮೇಲೆ ತೀರಿಸಿದೆವು. ಜೇಜುರಿಯಲ್ಲಿ ನನಗೆ ಗುಣವಾಗಲಿಲ್ಲ.

ಜೇಜುರಿಯ ಮರುದಿನ ಸೋಮವಾರ. ಅಶ್ವಿನಿ ಸಮವಸ್ತ್ರ ಹಾಕಿಕೊಂಡು, ಪುಸ್ತಕದ ಚೀಲ ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಶಕುಂತಲಾ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದು ನನಗೆ ಗೊತ್ತಿತ್ತು. ಆ ಹೊತ್ತಿಗೇ ನನಗೆ ಶುರುವಾಯಿತು. ಹೊಸ್ತಿಲ ಚೌಕಟ್ಟು ಹಿಡಿದೆ. ಅವಳು ನನ್ನ ಮುಖ ನೋಡಿದಳು. ಅವಳಿಂದ ಅದನ್ನು ಬಚ್ಚಿಡಲು ಆಗುತ್ತಿರಲಿಲ್ಲ.

‘ಅಪ್ಪಾ, ಬಡಕೊಳ್ಳಾಕತ್ತದೇನು?’

ಇಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ‘ಹೌದವ್ವಿ’ ಎಂದೆ.

ಅವಳು ನನ್ನ ಮಣಿಕಟ್ಟಿನ ಕಡೆ ನೋಡಿದಳು. ಕೆಳಗೆ ರಿಕ್ಷಾದವನು ಎರಡನೆಯ ಸಲ ಹಾರ್ನ್ ಹೊಡೆದ.

‘ತಣ್ಣಗಾಗ್ತದ ತಗೋ’ ಎಂದು ಹೇಳಿ, ಚೀಲ ಸರಿಮಾಡಿಕೊಂಡು ಮೆಟ್ಟಿಲು ಇಳಿದಳು. ರಿಕ್ಷಾ ತಿರುಗಿ ಹೋಗುವ ತನಕ ನಾನು ಬಾಗಿಲು ಹಿಡಿದು, ಅಂಜುತ್ತಲೇ ನಿಂತಿದ್ದೆ. ಅವಳನ್ನು ಕರೆಯಲಿಲ್ಲ.